ಚೀಲದ ತೂಕ ಎರಡು ಕೇಜಿ

ಪುಟ್ಟೀ,

ನೀನು ಕಾಫಿಯನ್ನೂ ಕುಡಿಯದೆ ಶನಿವಾರಸಂತೆಯ ಬೆಳಗಿನ ಬಸ್ಸು ಹತ್ತಿ ಇವತ್ತಿಗೆ ಒಂಬತ್ತು ದಿನ. ಫೋನ್ ಬಂದರೆ ಅವ್ವನ ಹತ್ತಿರ ಮಾತಾಡಿ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಕೆಲಸ ಬಿಟ್ಟು ಬರೆಯುತ್ತೇನೆ ಅಂತ ನೀನು ಅಂದ ಮೇಲೆ ಅವತ್ತು ರಾತ್ರಿ ಯಾರು ಏನಂದರು ಅನ್ನುವುದನ್ನು ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. "ಬರೆದು ಯಾರು ಉದ್ಧಾರವಾಗಿದ್ದಾರೆ" ಅಂದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ. ಉಳಿದದ್ದನ್ನು ಇನ್ನೂ ತೆಗೆದುಕೊಂಡಿಲ್ಲ.

ಜೊತೆಗೆ ಒಂದು ಹಳೇ ಲಕೋಟೆ ಇಟ್ಟಿದ್ದೇನೆ. ಇದನ್ನು ಓದಿದ ಮೇಲೆ ಅದನ್ನು ಬಿಡಿಸು. ನೀನು ಆಗಲೇ ಬಿಡಿಸಿರುತ್ತೀಯ, ನನಗೆ ಗೊತ್ತು.

ಗೋದಾಮು ಗುಡಿಸುವಾಗ ಸಿಕ್ಕಿತು ಅಂತ ಬರೆಯೋಣ ಅಂದುಕೊಂಡಿದ್ದೆ. ಸುಳ್ಳು. ಅದು ಹದಿಮೂರು ವರ್ಷದಿಂದ ಟ್ರಂಕಿನಲ್ಲಿ ಪಹಣಿ ಕಾಗದಗಳ ಅಡಿಗೇ ಇತ್ತು, ನಾನೇ ಇಟ್ಟದ್ದು. ಮೇಲಿನ ವಿಳಾಸ ನಿನ್ನ ಕೈಬರಹ. ಕಥೆ ಬೇಡವಾದರೆ ಪತ್ರಿಕೆಯವರು ವಾಪಸ್ ಕಳಿಸಲಿ ಅಂತ ಐದೈದು ರೂಪಾಯಿಯ ಎರಡು ಸ್ಟಾಂಪು ನೀನೇ ಹಚ್ಚಿದ್ದು. ಅವತ್ತು ಜಗಳದಲ್ಲಿ ನೀನು, "ಹತ್ತನೇ ಕ್ಲಾಸಿನಲ್ಲಿ ಕಳಿಸಿದ ಕಥೆಗೆ ಇಲ್ಲ ಅಂತಲೂ ಉತ್ತರ ಬರಲಿಲ್ಲ, ಆಮೇಲೆ ಎಷ್ಟೋ ವರ್ಷ ಪೆನ್ನು ಹಿಡಿಯೋಕೇ ಮನಸ್ಸಾಗಲಿಲ್ಲ" ಅಂದೆಯಲ್ಲ, ಆಗ ನಾನು ಎದ್ದು ಆಚೆ ಹೋದೆ. ದನ ಕಟ್ಟೋಕೆ ಹೋದೆ ಅಂತ ಅವ್ವ ಅಂದುಕೊಂಡಳು.

ಉತ್ತರ ಬಂದಿತ್ತು ಪುಟ್ಟಿ.

ಆ ವರ್ಷ ಕೊಯ್ಲು ಮುಗಿದಿತ್ತು. ಪೋಸ್ಟ್‌ಮ್ಯಾನ್ ಗೇಟಿನ ಹತ್ತಿರ ನನ್ನ ಕೈಗೇ ಕೊಟ್ಟ. ಹೊರಗಿನಿಂದ ಮುಟ್ಟಿದರೇ ಗೊತ್ತಾಗುತ್ತಿತ್ತು, ಕಥೆ ವಾಪಸ್ ಬಂದಿದೆ. ನಿನಗೆ ಬೇಜಾರಾಗಬಾರದು, ಪರೀಕ್ಷೆ ಮುಗಿಯಲಿ, ಆಮೇಲೆ ಕೊಡೋಣ ಅಂದುಕೊಂಡೆ. ಅಲ್ಲಿಯವರೆಗೆ ನನ್ನ ಮನಸ್ಸು ಸರಿಯಾಗೇ ಇತ್ತು. ಆಮೇಲೆ ಕೊಟ್ಟಿಗೆಯ ಹಿಂದೆ ನಿಂತು ಬಿಡಿಸಿ ಓದಿದೆ.

ನಮ್ಮ ಕಣವೇ ಅದು. ಸಂಜೆ ಮಂಜು ಇಳಿಯುವ ಹೊತ್ತು, ಕಾಫಿ ಹಣ್ಣು ತುಂಬಿದ ಚೀಲಗಳ ಸಾಲು, ತಕ್ಕಡಿ, ಕೂತು ಲೆಕ್ಕ ಬರೆಯುವ ಹುಡುಗಿ. ಅಪ್ಪ ಪ್ರತಿ ಚೀಲಕ್ಕೂ "ಚೀಲದ ತೂಕ ಎರಡು ಕೇಜಿ ಕಳಿ" ಅನ್ನುತ್ತಾನೆ. ಹುಡುಗಿ ಕಳೆಯುತ್ತಾಳೆ. ಒಂದು ಭಾನುವಾರ ಯಾರೂ ಇಲ್ಲದಾಗ ಅವಳು ಖಾಲಿ ಗೋಣಿಚೀಲವನ್ನು ತೂಗಿ ನೋಡುತ್ತಾಳೆ. ಒಂದು ಕೇಜಿ.

ನೀನು ನಿಜವಾಗಿ ತೂಗಿದ್ದೆಯಾ? ಹದಿಮೂರು ವರ್ಷದಿಂದ ಇದನ್ನು ಕೇಳಬೇಕು ಅಂತಿದ್ದೇನೆ. ನಿನ್ನ ಅಕ್ಷರ ಚೆಂದ ಅಂತ ಲೆಕ್ಕದ ಪುಸ್ತಕ ಕೊಟ್ಟವನು ನಾನು. ಮಂಜಿಗೆ ಹಣ್ಣು ನೆನೆದಿರುತ್ತೆ, ಎಲೆ ಕಡ್ಡಿ ಸೇರಿರುತ್ತೆ, ಸುತ್ತಮುತ್ತ ಎಲ್ಲರೂ ಕಳೆಯುತ್ತಾರೆ, ಹೀಗೆಲ್ಲ ನನ್ನ ಹತ್ತಿರ ಉತ್ತರ ಇತ್ತು. ಆದರೆ ಹುಣಸೂರು ಕಡೆಯಿಂದ ಬರುತ್ತಿದ್ದ ಆ ಅಜ್ಜಿ ದಿನಕ್ಕೆ ಎರಡು ಚೀಲ ಕುಯ್ಯುತ್ತಿದ್ದಳು. ಕೇಜಿ ಲೆಕ್ಕದ ಕೂಲಿ. ಕಥೆಯಲ್ಲಿ ಅವಳ ಕೊಯ್ಲಿನ ಪೂರ್ತಿ ಲೆಕ್ಕ ಹಾಕಿದ್ದೆ ನೀನು. ಆ ಲೆಕ್ಕವನ್ನು ನಾನು ಯಾವತ್ತೂ ಹಾಕಿರಲಿಲ್ಲ.

ಇದು ಅಚ್ಚಾಗಿದ್ದರೆ ಸಂತೆಯಲ್ಲಿ ತಲೆಯೆತ್ತಿ ಓಡಾಡುವ ಹಾಗಿತ್ತಾ ಅಂತ ಹೆದರಿದೆ. ವಾಪಸ್ ಬಂತಲ್ಲ ಅಂತ ಖುಷಿಯಾಯಿತು. ಹೌದು, ಖುಷಿ. ಕ್ಷಮಿಸು ಅನ್ನಬೇಕಾದ್ದು ಇದಕ್ಕೇ, ಬಚ್ಚಿಟ್ಟದ್ದು ಆಮೇಲಿನ ಮಾತು. ಆಮೇಲೆ ಮಳೆಗಾಲ ಹಿಡಿಯುವವರೆಗೂ ನೀನು ದಿನಾ ಗೇಟಿನ ಹತ್ತಿರ ನಿಲ್ಲುತ್ತಿದ್ದೆ. ನಾನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ನೀನು ಕಾಪಿಯನ್ನೂ ಇಟ್ಟುಕೊಂಡಿರಲಿಲ್ಲ.

ಎರಡು ಕೇಜಿ ಕಳೆಯುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ನಿನ್ನ ಕಥೆಯಿಂದ ಅಂತ ಹೇಳಿಕೊಳ್ಳಲು ಆಸೆ. ಪಕ್ಕದ ತೋಟದವರು ಜಾಸ್ತಿ ಕೊಟ್ಟು ಆಳುಗಳನ್ನು ಕರೆದುಕೊಂಡರು, ಅದಕ್ಕೆ.

ಈಗ ಕೆಲಸದ ವಿಷಯ. ಬುದ್ಧಿ ಹೇಳಬಾರದು ಅಂತಲೇ ಕೂತಿದ್ದೇನೆ. ಆದರೂ ಲೆಕ್ಕ ನೋಡು. ಇನ್ನೂರು ರೂಪಾಯಿಯ ಪುಸ್ತಕ, ಸಾವಿರ ಪ್ರತಿ, ಹತ್ತು ಪರ್ಸೆಂಟ್ ಗೌರವಧನ ಅಂದರೆ ಇಪ್ಪತ್ತು ಸಾವಿರ. ಅದೂ ಎಲ್ಲ ಮಾರಾಟವಾದರೆ. ನಿನ್ನ ಒಂದು ತಿಂಗಳ ಸಂಬಳ ಅದಕ್ಕಿಂತ ಜಾಸ್ತಿ. ಹೂಮಳೆ ಚೆನ್ನಾಗಿ ಬಂತು ಅಂತ ಸಾಲ ಮಾಡಬಾರದು ಅಂತ ಅಜ್ಜ ಹೇಳುತ್ತಿದ್ದರು. ಕಾಫಿ ಹೂವಾದ ಮೇಲೆ ಬರಬೇಕಾದ ಬ್ಯಾಕಿಂಗ್ ಮಳೆ ಬಾರದಿದ್ದರೆ ಹೂವೆಲ್ಲ ಲೆಕ್ಕಕ್ಕಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ನೌಕರಿಯಲ್ಲಿ ಇದ್ದುಕೊಂಡೇ ಕೊಡವರ ಹಾಡುಗಳನ್ನೆಲ್ಲ ಕೂಡಿಸಿದರು, 1924ರಲ್ಲಿ ಪುಸ್ತಕ ಮಾಡಿದರು. ನೌಕರಿ ಬಿಡಲಿಲ್ಲ. ನೀನೂ ದಿನಾ ಬೆಳಗ್ಗೆ ಐದಕ್ಕೆ ಎದ್ದು ಏಳರವರೆಗೆ ಬರೆ, ಆಮೇಲೆ ಕೆಲಸಕ್ಕೆ ಹೋಗು. ಬರೆದದ್ದನ್ನು ಒಂದು ತಿಂಗಳು ಮುಟ್ಟದೆ ಇಟ್ಟು ಆಮೇಲೆ ತಿದ್ದು. ಒಂದೇ ಕಥೆಯನ್ನು ಒಟ್ಟೊಟ್ಟಿಗೆ ಎರಡು ಪತ್ರಿಕೆಗೆ ಕಳಿಸಬೇಡ. ಹಿಂದೆ ಬಂದರೆ ಅದೇ ವಾರ ಇನ್ನೊಂದು ಕಡೆಗೆ ಕಳಿಸು. ಕನ್ನಡ ಪುಸ್ತಕ ಪ್ರಾಧಿಕಾರದವರು ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತಾರೆ, ಅರ್ಜಿ ಕರೆದಾಗ ಹಾಕು. ಕಾಪಿ ಇಟ್ಟುಕೋ.

ನೋಡು, ಹೇಳಿಯೇಬಿಟ್ಟೆ. ಟ್ರಂಕಿನಲ್ಲಿ ಕಥೆ ಬಚ್ಚಿಟ್ಟವನು ಪತ್ರಿಕೆಗೆ ಕಳಿಸುವುದನ್ನು ಕಲಿಸುತ್ತಿದ್ದಾನೆ.

ಮೊನ್ನೆ ಮಡಿಕೇರಿಗೆ ಹೋಗುವಾಗ ಬಸ್ಸು ಸುಂಟಿಕೊಪ್ಪದಲ್ಲಿ ನಿಂತಿತ್ತು. ಕಥೆಗಾರ್ತಿ ಕೊಡಗಿನ ಗೌರಮ್ಮ ನೆನಪಾದರು. ಅವರು ಬರೆದದ್ದು ಅಲ್ಲಿ, ತೋಟದ ಮನೆಯಲ್ಲೇ. ಕಥೆಗಳ ಕೆಳಗೆ ಮಿಸೆಸ್ ಬಿ.ಟಿ.ಜಿ. ಕೃಷ್ಣ ಅಂತ ಗಂಡನ ಹೆಸರು ಹಾಕುತ್ತಿದ್ದರಂತೆ. 1939ರಲ್ಲಿ, ಇಪ್ಪತ್ತೇಳಕ್ಕೇ ನೀರಿನಲ್ಲಿ ಹೋಗಿಬಿಟ್ಟರು. ನಿನಗೀಗ ಇಪ್ಪತ್ತೊಂಬತ್ತು. ಇದನ್ನು ಯಾಕೆ ಬರೆದೆನೋ. ಬೆಂಗಳೂರಿನ ರೂಮಿನಲ್ಲಿ ನೀನು ಒಬ್ಬಳೇ ಇರುತ್ತೀಯ, ರಾತ್ರಿ ಎರಡಕ್ಕೂ ದೀಪ ಉರಿಯುತ್ತೆ ಅಂತ ಅವ್ವ ಹೇಳಿದಳು, ಅದಕ್ಕಿರಬೇಕು.

ನಿನ್ನದು ನಿನ್ನ ಹೆಸರಿನಲ್ಲೇ ಬರಲಿ. ಜೊತೆಗೆ ನನ್ನ ಹೆಸರು ಬೇಕು ಅನ್ನಿಸಿದರೆ ಹಾಕು, ಬೇಡ ಅನ್ನಿಸಿದರೂ ಸರಿ. ಹೋದ ವರ್ಷ ನಿನ್ನ ಕಥೆ ಬಂದಿದ್ದ ವಾರಪತ್ರಿಕೆಯನ್ನು ನಾಲ್ಕು ಪ್ರತಿ ತಂದಿದ್ದೆ, ಅವ್ವನಿಗೂ ಗೊತ್ತಿಲ್ಲ. ಅಂಗಡಿಯವನು ಯಾಕೆ ಅಂತ ಕೇಳಿದ್ದಕ್ಕೆ ಮೆಣಸು ಕಟ್ಟೋಕೆ ಅಂದೆ.

ಲಕೋಟೆಯೊಳಗೆ ಅಚ್ಚು ಹಾಕಿದ ವಿಷಾದದ ಚೀಟಿ ಇದೆ. ಅದರ ಕೆಳಗೆ ಯಾರೋ ಪೆನ್ನಿನಲ್ಲಿ ಬರೆದಿದ್ದಾರೆ: "ಕಥೆ ಚೆನ್ನಾಗಿದೆ. ಅಪ್ಪನ ಪಾತ್ರ ಪೂರ್ತಿ ಬೆಳೆದಿಲ್ಲ. ತಿದ್ದಿ ಕಳಿಸಿ." ಅದನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ಆ ವರ್ಷದ ತೂಕದ ಪುಸ್ತಕವೂ ಇಲ್ಲೇ ಇದೆ, ನಿನ್ನದೇ ಅಕ್ಷರ. ಒಂದು ಮೂಲೆ ಇಲಿ ತಿಂದಿದೆ, ಅಂಕಿಗಳು ಕಾಣುತ್ತವೆ. ಬರೆಯೋಕೆ ಬೇಕಾದರೆ ಹೇಳು, ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಅಜ್ಜಿಯ ಲೆಕ್ಕ ಜನವರಿಯ ಹಾಳೆಗಳಲ್ಲಿದೆ.

ಅವ್ವ ಕಾಫಿಪುಡಿ ಕಟ್ಟಿಟ್ಟಿದ್ದಾಳೆ. ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇವೆ.

ನಿನ್ನ ಅಪ್ಪ