ನಂದಿಬೆಟ್ಟದಲ್ಲಿ ವಾರಾಂತ್ಯದ ಜಾತ್ರೆ ಬೇಡ

ಮಾನ್ಯರೆ,

ಕೋವಿಡ್‌ನ ಎರಡನೇ ಅಲೆ ತಗ್ಗಿ ಲಾಕ್‌ಡೌನ್ ಸಡಿಲವಾದದ್ದೇ ತಡ, ನಂದಿಬೆಟ್ಟಕ್ಕೆ ಜನ ಮುಗಿಬಿದ್ದರು. ಜಿಲ್ಲಾಡಳಿತ ವಾರಾಂತ್ಯದ ಪ್ರವೇಶ ನಿಷೇಧಿಸಿದ್ದು ಸರಿಯಾಗಿಯೇ ಇದೆ. ಬಯಲಿನಲ್ಲಿ ಸೋಂಕು ಹರಡುವುದು ಕಡಿಮೆ, ನಿಜ. ಆದರೆ ಸೂರ್ಯೋದಯ ನೋಡಲು ಕಂಬಿಯ ಬಳಿ ಭುಜಕ್ಕೆ ಭುಜ ತಾಗಿಸಿ ನಿಂತು, ಮಾಸ್ಕನ್ನು ಗದ್ದಕ್ಕಿಳಿಸಿ ಸೆಲ್ಫಿ ತೆಗೆಯುವಾಗ ಬಯಲಾದರೇನು, ಬಸ್ಸಾದರೇನು? ಬಳಸಿದ ಮಾಸ್ಕ್‌ಗಳನ್ನು ಪೊದೆಗೆ ಎಸೆದು ಹೋಗುವವರೂ ಇದ್ದಾರೆ. ಅವನ್ನು ಹೆಕ್ಕುವ ಸ್ವಚ್ಛತಾ ಸಿಬ್ಬಂದಿಗೂ ಮನೆಮಕ್ಕಳಿಲ್ಲವೇ?

ಜ್ವರ, ಕೆಮ್ಮು ಇದ್ದವರು ದಯವಿಟ್ಟು ಮನೆಯಲ್ಲೇ ಇರಲಿ. ಉಳಿದವರಿಗೆ ಗಾಳಿ–ಬೆಳಕು ಬೇಕೇಬೇಕು. ಅದಕ್ಕೆ ಮನೆ ಹತ್ತಿರದ ಉದ್ಯಾನವೇ ಸಾಕು. ಬೆಟ್ಟವೇ ಬೇಕೆಂದರೆ ವಾರದ ನಡುವೆ ಬನ್ನಿ. ಸರ್ಕಾರವೂ ಬರೀ ನಿಷೇಧಕ್ಕೆ ನಿಲ್ಲದೆ, ಮುಂಗಡ ಟಿಕೆಟ್ ಮೂಲಕ ಗಂಟೆಗೆ ಇಷ್ಟೇ ಜನ ಎಂದು ಮಿತಿ ಹಾಕಲಿ.

– ಓದುಗರೊಬ್ಬರು, ಚಿಕ್ಕಬಳ್ಳಾಪುರ (ಜುಲೈ 2021)