ಭಾನುವಾರದ ಚಿತ್ರ ಕೂಟ: ಕೆಂಜಳಿಲು ಬಿಡಿಸೋಣ

ಗೆಳೆಯರೇ, ಭಾನುವಾರ ಬೆಳಿಗ್ಗೆ 10ಕ್ಕೆ ಮಡಿಕೇರಿಯ ರಾಜಾಸೀಟ್ ಹತ್ತಿರ ಸೇರೋಣ. ಮಳೆ ಬಂದರೆ ಇಲ್ಲೇ ತಿಳಿಸುತ್ತೇನೆ.

ದುಬಾರೆಗೆ ಹೋಗಿ ಬಂದು ನೀವು ಹಾಕಿದ ಆನೆಗಳನ್ನು ನೋಡಿದೆ. ಗೆರೆ ಚೆನ್ನಾಗಿದೆ. ಆದರೆ ಹೆಚ್ಚಿನವು ಫೋಟೊ ಇಳಿಸಿದಂತಿವೆ, ಕಾರ್ಟೂನ್ ಆಗಿಲ್ಲ. ಇನ್ನು ಕೆಲವರು ಕಿವಿಯನ್ನು ಮೊರದಷ್ಟು ದೊಡ್ಡದು ಮಾಡಿದ್ದೀರಿ. ಅದು ಆಫ್ರಿಕಾದ ಆನೆ ಆಯ್ತಲ್ವಾ! ನಮ್ಮ ಆನೆಗೆ ಕಿವಿ ಸಣ್ಣದು. ಹಣೆಯ ಮೇಲೆ ಎರಡು ಉಬ್ಬು, ಬೆನ್ನು ಗುಂಡಗೆ. ಹಿಗ್ಗಿಸುವುದಾದರೆ ಆ ಉಬ್ಬನ್ನು ಹಿಗ್ಗಿಸಿ, ಕಾಲನ್ನು ಗಿಡ್ಡ ಮಾಡಿ.

ಈ ಸಲ ಕೆಂಜಳಿಲು. ಕಾಫಿ ತೋಟದ ಮರಗಳಲ್ಲಿ ಕಂಡಿರುತ್ತೀರಿ. ಬಾಲ ಮೈಯಷ್ಟೇ ಉದ್ದ, ಕೆಲವೊಮ್ಮೆ ಜಾಸ್ತಿ. ಅದನ್ನು ಮೂರು ಪಟ್ಟು ಮಾಡಿ, ಮೈಯನ್ನು ಹಲಸಿನ ಬೀಜದ ಆಕಾರಕ್ಕೆ ಇಳಿಸಿ. ಕಣ್ಣು, ಹಲ್ಲು, ಬಾಲ ಎಲ್ಲವನ್ನೂ ಸುಮ್ನೆ ಒಟ್ಟಿಗೆ ಉಬ್ಬಿಸಬೇಡಿ. ಹಾರುವಾಗ ಮೈ ಉದ್ದ ಎಳೆಯಿರಿ, ಕೊಂಬೆಗೆ ಇಳಿದಾಗ ಅಮುಕಿ. ಎಳೆದಾಗ ತೆಳ್ಳಗಾಗಲಿ, ಇಲ್ಲದಿದ್ದರೆ ಬೇರೆಯೇ ಪ್ರಾಣಿ ಅನಿಸುತ್ತದೆ.

ಮುಗಿದ ಮೇಲೆ ಒಳಗೆಲ್ಲ ಕಪ್ಪು ತುಂಬಿ ನೋಡಿ. ಬರೀ ನೆರಳಲ್ಲೇ ಕೆಂಜಳಿಲು ಅಂತ ಗೊತ್ತಾಗಬೇಕು. ನನ್ನದು ಮೊದಲ ಸಲ ಮುಂಗುಸಿಯಂತೆ ಕಂಡಿತ್ತು.

ಪೆನ್ಸಿಲ್, ರಬ್ಬರ್ ನೀವೇ ತನ್ನಿ. ಕಾಗದ ನಾನು ತರುತ್ತೇನೆ.