ಬಂಡೆ ಸುರಿಯುವ ಮೊದಲು ಅಳಿವೆಯ ಉಸುಕು ನೋಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಪತ್ರಿಕೆಯಲ್ಲಿ ಕಡಲ್ಕೊರೆತದ ಫೋಟೊ ಬರುತ್ತದೆ. ಬುಡ ಕಿತ್ತ ತೆಂಗಿನ ಮರ, ಅದರ ಪಕ್ಕ ಬಂಡೆ ಇಳಿಸುವ ಟಿಪ್ಪರ್. ಮೂರು ವರ್ಷದ ಹಿಂದೆ ನಾನು ಅದನ್ನು ನೋಡಿ ಪುಟ ತಿರುವುತ್ತಿದ್ದೆ. ಕಲಬುರಗಿಯವನಿಗೆ ಕಡಲಿನ ಉಸಾಬರಿ ಯಾಕೆ ಅಂತ. ಈಗ ಹಾಗೆ ತಿರುವಲು ಮನಸ್ಸು ಬರುವುದಿಲ್ಲ.

ನಾನು ಕಟ್ಟಡ ಗುತ್ತಿಗೆದಾರ. 26 ವರ್ಷದಿಂದ ಇದೇ ಕೆಲಸ. ಮಗಳು ಮಂಗಳೂರು ಹತ್ತಿರದ ಸುರತ್ಕಲ್ಲಿನ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಓದುತ್ತಿದ್ದಾಳೆ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಹೋದರೆ ಸಸಿಹಿತ್ಲು. ಶಾಂಭವಿ, ನಂದಿನಿ ನದಿಗಳು ಕೂಡಿ ಕಡಲು ಸೇರುವ ಜಾಗ, ಅಂದರೆ ಅಳಿವೆ. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಎಂಬ, ಹಲಗೆ ಮೇಲೆ ನಿಂತು ಅಲೆಯಲ್ಲಿ ಜಾರುವ ಸ್ಪರ್ಧೆ ನಡೆದದ್ದು ಅಲ್ಲೇ. ಭಾನುವಾರ ಅಲ್ಲಿಗೆ ಹೋಗಿ ಸರ್ಫಿಂಗ್ ಕಲಿಯುತ್ತಿದ್ದೇನೆ ಎಂದು ಅವಳು ಫೋನಿನಲ್ಲಿ ಹೇಳಿದ ದಿನ ಅವಳ ಅವ್ವ ಊಟ ಬಿಟ್ಟಳು. ನಮ್ಮ ಮನೆಯಲ್ಲಿ ಯಾರಿಗೂ ಈಜು ಬಾರದು. ಕಣ್ಣಾರೆ ನೋಡಿ ಬರೋಣ ಅಂತ ಜನವರಿಯಲ್ಲಿ ಇಬ್ಬರೂ ಹೋದೆವು.

ದಂಡೆ ಮೇಲೆ ನಿಂತು ಮಗಳು ತೋರಿಸಿದಳು. “ಅಪ್ಪಾ, ಅಲಿ ಎಲ್ಲಿ ಒಡೀತದ ನೋಡು. ಅಲ್ಲಿ ಕೆಳಗ ಉಸುಕಿನ ದಿಬ್ಬ ಅದ.” ನನಗೆ ಅಲ್ಲಿಯವರೆಗೂ ಅಲೆ ಅಂದರೆ ಬರೀ ನೀರಿನ ಆಟ. ಅವಳು ಹೇಳಿದ ಮೇಲೆ ಗೊತ್ತಾಯಿತು, 4 ಅಡಿ ಎತ್ತರದ ಅಲೆ ಸುಮಾರು 5 ಅಡಿ ಆಳದ ನೀರಿಗೆ ಬಂದಾಗ ಒಡೆಯುತ್ತದೆ. ಕೆಳಗಿನ ದಿಬ್ಬ ಓರೆಯಾಗಿ, ನಿಧಾನವಾಗಿ ಏರಿದ್ದರೆ ಅಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸುರುಳಿ ಬಿಚ್ಚಿದಂತೆ ಒಡೆಯುತ್ತಾ ಹೋಗುತ್ತದೆ. ಸರ್ಫಿಂಗ್ ಮಾಡುವವರು ಹಲಗೆ ಮೇಲೆ ನಿಂತು ಜಾರುವುದು ಅದರ ಪಕ್ಕದಲ್ಲೇ. ದಿಬ್ಬ ಹೋದರೆ ಅಲೆ ದಂಡೆ ತನಕ ಬಂದು ಒಮ್ಮೆಲೇ ದಬ್ಬೆಂದು ಬೀಳುತ್ತದೆ. ಆಗ ಸರ್ಫಿಂಗ್ ಇಲ್ಲ, ಬಿದ್ದವರ ಬೆನ್ನು ಮುರಿಯುವುದಷ್ಟೇ.

ಇನ್ನೊಂದು ಮಾತು ನನ್ನನ್ನು ಬಹಳ ಹಿಡಿಯಿತು. ಮಳೆಗಾಲದ ದೊಡ್ಡ ಅಲೆ ದಂಡೆಯ ಉಸುಕನ್ನು ಒಳಗೆ ಎಳೆದುಕೊಂಡು ಹೋಗಿ ದಿಬ್ಬ ಮಾಡಿ ಇಡುತ್ತದೆ. ದೊಡ್ಡ ಅಲೆ ಅಲ್ಲೇ ಒಡೆದು ಸೋಲುತ್ತದೆ. ಮಳೆ ಮುಗಿದ ಮೇಲೆ ಸಣ್ಣ ಅಲೆಗಳು ಅದೇ ಉಸುಕನ್ನು ಸ್ವಲ್ಪ ಸ್ವಲ್ಪವೇ ದಂಡೆಗೆ ವಾಪಸ್ ತರುತ್ತವೆ. ನಮ್ಮ ಕಡೆ ಬಿಳಿಜೋಳದ ರಾಶಿ ಆಗುವ ಹೊತ್ತಿಗೆ ಅಲ್ಲಿ ದಂಡೆ ತುಂಬಿರುತ್ತದೆ. ಅಂದರೆ ಜೂನ್‌ನಲ್ಲಿ ನಾವು ಕೊರೆತ ಅಂತ ಕೂಗುವ ಎಲ್ಲವೂ ಕೊರೆತ ಅಲ್ಲ. ಒಂದಿಷ್ಟು ವರ್ಷವರ್ಷದ ಹೋಗಿ ಬರುವಿಕೆ. ಅದೇ ಹೊತ್ತಿಗೆ ಗಾಬರಿಯಲ್ಲಿ ಬಂಡೆ ಸುರಿದರೆ ಆ ಹೋಗಿ ಬರುವ ದಾರಿಯೇ ಕಟ್ಟಿಹೋಗುತ್ತದೆ. ಆ ಬಂಡೆಯ ಗೋಡೆಗೆ ಬಡಿದ ಅಲೆ ಜೋರಿನಲ್ಲಿ ತಿರುಗಿ ಗೋಡೆಯ ಬುಡದ ಉಸುಕನ್ನು ಕೀಳುತ್ತದೆ. ಬುಡ ಆಳವಾಗುತ್ತದೆ, ಇನ್ನೂ ದೊಡ್ಡ ಅಲೆ ಹತ್ತಿರ ಬರುತ್ತದೆ, ಬಂಡೆ ಕುಸಿಯುತ್ತದೆ. ಗೋಡೆ ಮುಗಿಯುವ ತುದಿಯಲ್ಲಿ ಪಕ್ಕದವನ ತೋಟ ಹೋಗುತ್ತದೆ. ಪಾಯ ತೋಡಿಸುವ ಕೆಲಸದವನಾದ ನನಗೆ ಇದನ್ನು ಯಾರೂ ಎರಡನೇ ಸಲ ಹೇಳಬೇಕಾಗಿಲ್ಲ.

ಇಲ್ಲಿ ನನ್ನದೇ ಒಂದು ಲೆಕ್ಕ ಹೇಳಬೇಕು. ನನ್ನೂರು ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯದು. ಚಿಕ್ಕವನಿದ್ದಾಗ ಬೇಸಿಗೆಯಲ್ಲಿ ಹೊಳೆಯ ಉಸುಕನ್ನು ಕೈಯಿಂದ ತೋಡಿದರೆ ಒರತೆ ನೀರು ಬರುತ್ತಿತ್ತು. ಬಿಂದಿಗೆ ತುಂಬುತ್ತಿತ್ತು. ಗುತ್ತಿಗೆದಾರ ಆದಮೇಲೆ ಅದೇ ಹೊಳೆಯ ಉಸುಕನ್ನು ಬ್ರಾಸ್ (ನೂರು ಘನ ಅಡಿ) ಲೆಕ್ಕದಲ್ಲಿ ನಾನೂ ಕೊಂಡೆ. ಇಂದು ಊರ ಮುಂದಿನ ಹೊಳೆಯಲ್ಲಿ ಗುಂಡಿ, ಕಲ್ಲು, ಜಾಲಿ ಕಂಟಿ. ಉಸುಕು ಸುಮ್ನೆ ಬಿದ್ದಿರುವ ಮಾಲು ಅಂತ ನಾವೆಲ್ಲ ತಿಳಿದಿದ್ದೆವು. ಅದು ನೀರು ಹಿಡಿದಿಟ್ಟುಕೊಂಡು ಕೆಲಸ ಮಾಡುತ್ತಿತ್ತು. ಕಡಲಲ್ಲೂ ಅದು ಕೆಲಸ ಮಾಡುತ್ತಿದೆ. ನೀರಿನ ಅಡಿಯಲ್ಲಿರುವುದರಿಂದ ಕಾಣುವುದಿಲ್ಲ, ಅಷ್ಟೇ.

ಕಡಲ ದಂಡೆಗೆ ಉಸುಕು ಬರುವುದರಲ್ಲಿ ನದಿಯ ಪಾಲು ದೊಡ್ಡದು. ನದಿಗೆ ಅಡ್ಡ ಕಟ್ಟೆ ಕಟ್ಟಿ, ಉಳಿದ ಉಸುಕನ್ನು ಅಳಿವೆ ಹತ್ತಿರ ದೋಣಿಗೆ ಅಡ್ಡಿ ಅಂತ ತೆಗೆದು ಲಾರಿಗೆ ತುಂಬಿಸಿದರೆ ದಂಡೆಗೆ ಏನು ಉಳಿಯಿತು?

ಸ್ಪೇನ್ ದೇಶದ ಮುಂಡಾಕಾ ಎಂಬ ಊರು ನದಿ ಅಳಿವೆಯ ಅಲೆಗೆ ಜಗತ್ತಿನಲ್ಲೇ ಹೆಸರಾದದ್ದು. 2003ರಲ್ಲಿ ಹಡಗು ಹೊರಗೆ ಹೋಗಲಿ ಅಂತ ಅಲ್ಲಿ ಅಳಿವೆಯ ಹೂಳೆತ್ತಿದರು. ದಿಬ್ಬ ಕೆಟ್ಟಿತು, ಅಲೆ ಹೋಯಿತು. 2005ರ ವಿಶ್ವಮಟ್ಟದ ಸರ್ಫಿಂಗ್ ಸ್ಪರ್ಧೆ ರದ್ದಾಯಿತು. ನದಿ ಮತ್ತೆ ಉಸುಕು ತಂದು ಹಾಕಿದ ಮೇಲೆಯೇ ಅಲೆ ಬಂದದ್ದು. ಆಸ್ಟ್ರೇಲಿಯಾದಲ್ಲಿ ಟ್ವೀಡ್ ನದಿಯ ಬಾಯಿಗೆ 1960ರ ದಶಕದಲ್ಲಿ ಅಲೆತಡೆ, ಅಂದರೆ ಕಡಲೊಳಗೆ ಚಾಚಿದ ಗೋಡೆ, ಉದ್ದ ಮಾಡಿದರು. ಉಸುಕು ಒಂದು ಕಡೆ ನಿಂತು, ಉತ್ತರದ ದಂಡೆಗಳು ಸವೆದವು. 2001ರಿಂದ ನಿಂತ ಉಸುಕನ್ನು ಪಂಪ್ ಮಾಡಿ ಪೈಪಿನಲ್ಲಿ ನದಿ ದಾಟಿಸುತ್ತಿದ್ದಾರೆ. ವರ್ಷಕ್ಕೆ ಸುಮಾರು 5 ಲಕ್ಷ ಘನ ಮೀಟರ್. ನಮ್ಮ ಲೆಕ್ಕದಲ್ಲಿ ಸುಮಾರು ಒಂದೂ ಮುಕ್ಕಾಲು ಲಕ್ಷ ಬ್ರಾಸ್. ಅದರಿಂದ ‘ಸೂಪರ್‌ಬ್ಯಾಂಕ್’ ಎಂಬ ಉದ್ದದ ಅಲೆ ಹುಟ್ಟಿತು. ಆದರೆ ಕಿರ್ರಾ ಎಂಬ ಹಳೆಯ ಒಳ್ಳೆಯ ಅಲೆ ಉಸುಕು ಜಾಸ್ತಿಯಾಗಿ ಹೂತುಹೋಯಿತು. ಕಮ್ಮಿಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ಅದಕ್ಕೇ ಅಳತೆ ಬೇಕು ಅನ್ನುವುದು.

ನಮ್ಮಲ್ಲಿ ಏನೂ ಆಗಿಲ್ಲ ಅನ್ನುವುದಿಲ್ಲ. ಉಳ್ಳಾಲದಲ್ಲಿ ಎಡಿಬಿ (ಏಷ್ಯಾ ಅಭಿವೃದ್ಧಿ ಬ್ಯಾಂಕ್) ಸಾಲದ ಯೋಜನೆಯಲ್ಲಿ ದಂಡೆಯಿಂದ ದೂರ, ನೀರೊಳಗೆ ಎರಡು ರೀಫ್, ಅಂದರೆ ಅಲೆ ಒಡೆಯುವ ಕೃತಕ ದಿಬ್ಬ, ಕಟ್ಟಿದ್ದಾರೆ. ಪುದುಚೇರಿಯಲ್ಲಿ 2018ರಲ್ಲಿ ನೀರೊಳಗೆ ಉಕ್ಕಿನ ರೀಫ್ ಇಳಿಸಿದ ಮೇಲೆ, ಬರೀ ಬಂಡೆ ಉಳಿದಿದ್ದ ಕಡೆ ಮತ್ತೆ ಉಸುಕಿನ ದಂಡೆ ಕಂಡಿತು.

ಮನೆ ಕಡಲಿಗೆ ಹೋಗುತ್ತಿರುವವರಿಗೆ ಗೋಡೆ ಬೇಡ ಅನ್ನಲು ನಾನು ಯಾರು? ಅವರಿಗೆ ಇವತ್ತೇ ಆಸರೆ ಬೇಕು. ಮೀನುಗಾರರ ದೋಣಿಗೂ ಅಳಿವೆ ತೆರೆದಿರಬೇಕು. ನಾನು ಕೇಳುವುದು ಎರಡೇ. ಅಳಿವೆಯಲ್ಲಿ ತೆಗೆದ ಉಸುಕು ಮಾರಾಟಕ್ಕೆ ಹೋಗದೆ ಅದೇ ದಂಡೆಯ ಮುಂದೆ ಕಡಲಿಗೆ ಬೀಳಲಿ. ಇದನ್ನು ಉಸುಕು ಕೊಳ್ಳುವ ಗುತ್ತಿಗೆದಾರನೇ ಹೇಳುತ್ತಿದ್ದೇನೆ. ಎರಡನೆಯದು, ಗೋಡೆಗೋ ಅಲೆತಡೆಗೋ ಟೆಂಡರ್ ಕರೆಯುವ ಮೊದಲು ಒಂದು ಮಳೆಗಾಲ, ಒಂದು ಬೇಸಿಗೆ ನೀರೊಳಗಿನ ದಿಬ್ಬದ ಅಳತೆ ಆಗಲಿ. ನಾಲ್ಕು ಗೋಡೆಯ ಮನೆಗೇ ನಾವು ಮಣ್ಣು ಪರೀಕ್ಷೆ ಮಾಡಿಸುತ್ತೇವೆ, ಅಲ್ವಾ?

ಆ ಅಳತೆಗೆ ಹೊರಗಿನಿಂದ ಜನ ಬರುವ ಮೊದಲು ಸಸಿಹಿತ್ಲಿನ ಹುಡುಗರನ್ನು ಕೇಳಿ. ದಿಬ್ಬ ಈ ವಾರ ಎಷ್ಟು ದಕ್ಷಿಣಕ್ಕೆ ಸರಿದಿದೆ ಅನ್ನುವುದು ಅವರಿಗೆ ಕಾಲಡಿಯಲ್ಲೇ ಗೊತ್ತು. ಬೆಳಿಗ್ಗೆ ಆರಕ್ಕೆ ನೀರಿಗೆ ಇಳಿಯುತ್ತಾರೆ. ನನ್ನ ಮಗಳು ಈಗ ಅದನ್ನೆಲ್ಲ ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಾಳೆ. ಯಾವ ಇಲಾಖೆಯವರು ಕೇಳಿದರೂ ಕೊಡುತ್ತಾಳಂತೆ.

ಇಂತಿ ನಿಮ್ಮ ಓದುಗ,
ಒಬ್ಬ ಕಟ್ಟಡ ಗುತ್ತಿಗೆದಾರ, ಕಲಬುರಗಿ